ಐದಡಿ ಏಳಿಂಚಿನ ವಿಂಗರ್: ಶೇನ್ ವಿಲಿಯಮ್ಸ್ 58 ಟ್ರೈ ಗಳಿಸಿದ್ದು ಹೇಗೆ

ಎತ್ತರ 5 ಅಡಿ 7 ಇಂಚು, ತೂಕ ಸುಮಾರು 80 ಕಿಲೋ. ಎದುರಿಗೆ ನುಗ್ಗಿ ಬರುವವರಲ್ಲಿ ಹೆಚ್ಚಿನವರು ನೂರು ಕಿಲೋ ದಾಟಿದವರು. ವೇಲ್ಸ್ ರಗ್ಬಿ ತಂಡದ ಎಡ ವಿಂಗರ್ ಶೇನ್ ವಿಲಿಯಮ್ಸ್ ಈ ಮೈಕಟ್ಟಿನಲ್ಲೇ 2000ರಿಂದ 2011ರವರೆಗೆ ದೇಶಕ್ಕಾಗಿ 87 ಪಂದ್ಯ ಆಡಿ 58 ಟ್ರೈ ಗಳಿಸಿದರು. ವೇಲ್ಸ್‌ನ ಮಟ್ಟಿಗೆ ಆ ದಾಖಲೆ ಇನ್ನೂ ಅವರದೇ. ಬ್ರಿಟನ್, ಐರ್ಲೆಂಡ್‌ಗಳ ಆಯ್ದ ಆಟಗಾರರ ಜಂಟಿ ತಂಡವಾದ ಬ್ರಿಟಿಷ್ ಅಂಡ್ ಐರಿಶ್ ಲಯನ್ಸ್ ಪರ ಆಡಿದ 4 ಟೆಸ್ಟ್‌ಗಳ (ಅಂತರರಾಷ್ಟ್ರೀಯ ಪಂದ್ಯಗಳ) 2 ಟ್ರೈ ಸೇರಿಸಿದರೆ 91 ಟೆಸ್ಟ್‌ಗೆ 60.

ಇದನ್ನು ‘ಸಣ್ಣವನ ಎದೆಗಾರಿಕೆ’ಯ ಕಥೆಯಾಗಿ ಹೇಳುವುದು ಸುಲಭ. ಬಹಳಷ್ಟು ಜನ ಹಾಗೆಯೇ ಹೇಳುತ್ತಾರೆ. ಆದರೆ ಎದೆಗಾರಿಕೆ ಇದ್ದ ಸಣ್ಣ ಆಟಗಾರರು ವೇಲ್ಸ್‌ನ ಕಣಿವೆಗಳಲ್ಲಿ ಸಾವಿರಾರು ಮಂದಿ ಇದ್ದರು. ವಿಲಿಯಮ್ಸ್‌ರ ಟ್ರೈಗಳ ಗುಟ್ಟು ಇರುವುದು ಅವರು ವಿಂಗರ್ ಆಗಿ ಬೆಳೆದವರಲ್ಲ ಎಂಬ ಸಂಗತಿಯಲ್ಲಿ. ಅವರು ಮೂಲತಃ ಸ್ಕ್ರಮ್-ಹಾಫ್, ಅಂದರೆ ತಳ್ಳಾಟದ ಹಿಂದಿನಿಂದ ಚೆಂಡೆತ್ತಿ ಹಂಚುವವರು. ಅಂಚಿಗೆ ಹೋದ ಮೇಲೂ ಅವರ ಕಣ್ಣು ಸ್ಕ್ರಮ್-ಹಾಫ್‌ನ ಕಣ್ಣಾಗಿಯೇ ಉಳಿಯಿತು. ಇದು ಅರ್ಥವಾಗಬೇಕಾದರೆ ವಿಂಗರ್‌ನ ಕೆಲಸ ಏನೆಂದು ಮೊದಲು ನೋಡಬೇಕು.

ಅಂಚಿನವನ ಕೆಲಸ

ರಗ್ಬಿ ಯೂನಿಯನ್‌ನಲ್ಲಿ ಪ್ರತಿ ತಂಡಕ್ಕೆ 15 ಜನ, ಆಟ 80 ನಿಮಿಷ. 1ರಿಂದ 8ನೇ ನಂಬರಿನವರು ಫಾರ್ವರ್ಡ್‌ಗಳು. ತಳ್ಳಾಟ, ಚೆಂಡಿಗಾಗಿ ಕಿತ್ತಾಟ ಅವರ ಪಾಲು. 9ರಿಂದ 15ರವರೆಗಿನವರು ಬ್ಯಾಕ್‌ಗಳು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಹಾಗಾಗಿ ಚೆಂಡು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಸಾಗಿ ಕೊನೆಗೆ ಅಂಚಿನಲ್ಲಿ ನಿಂತವನಿಗೆ ಸಿಗುತ್ತದೆ. ಅವನೇ ವಿಂಗರ್. ಎಡಕ್ಕೆ 11ನೇ ನಂಬರ್, ಬಲಕ್ಕೆ 14.

ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಒತ್ತಲೇಬೇಕು, ಕೈಬಿಟ್ಟರೆ ಆಗದು. ಆಮೇಲೆ ಕಂಬಗಳ ನಡುವೆ ಒದ್ದು ಪಡೆಯುವ ಕನ್ವರ್ಷನ್‌ಗೆ 2 ಅಂಕ. ಆ ಒದೆತವನ್ನು ಟ್ರೈ ಆದ ಜಾಗದ ನೇರಕ್ಕೇ ತೆಗೆದುಕೊಳ್ಳಬೇಕು. ಮೂಲೆಯಲ್ಲಿ ಟ್ರೈ ಆದರೆ ಕೋನ ಕಿರಿದಾಗಿ ಒದೆಯುವವನಿಗೆ ಕಷ್ಟ. ಅದಕ್ಕೇ ವಿಂಗರ್‌ಗಳು ಗೆರೆ ದಾಟಿದ ಮೇಲೂ ಸಾಧ್ಯವಾದರೆ ಕಂಬಗಳ ಕಡೆಗೆ ತಿರುಗಿ ಓಡುವುದು. ಪೆನಾಲ್ಟಿ ಒದೆತಕ್ಕೂ ಡ್ರಾಪ್ ಗೋಲಿಗೂ 3 ಅಂಕ.

ವಿಂಗರ್‌ಗೆ ಮೈದಾನದಲ್ಲಿ ಒಬ್ಬ ಶಾಶ್ವತ ಎದುರಾಳಿ ಇದ್ದಾನೆ: ಪಕ್ಕದ ಗೆರೆ. ಮೈದಾನದ ಅಗಲ 70 ಮೀಟರ್‌ವರೆಗೆ ಇದ್ದರೂ ವಿಂಗರ್‌ನ ಕೈಗೆ ಚೆಂಡು ಬರುವ ಹೊತ್ತಿಗೆ ಅವನಿಗೆ ಉಳಿದಿರುವುದು ಕೆಲವೊಮ್ಮೆ ಐದೇ ಮೀಟರ್. ಕಾಲು ಗೆರೆಗೆ ತಾಗಿದರೆ ಆಟ ಮುಗಿಯಿತು. ಆ ಗೆರೆ ದಣಿಯುವುದಿಲ್ಲ, ಅದರ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡಹುವುದು) ಗುರಿ ತಪ್ಪುವುದಿಲ್ಲ. ರಕ್ಷಕ ಮಾಡಬೇಕಾದ್ದು ಇಷ್ಟೇ: ಒಳಗಿನ ದಾರಿ ಮುಚ್ಚಿ ವಿಂಗರ್‌ನನ್ನು ಗೆರೆಯ ಕಡೆಗೆ ತಳ್ಳಿಕೊಂಡು ಹೋಗುವುದು.

ಈ ಲೆಕ್ಕದಲ್ಲಿ ದೊಡ್ಡ ವಿಂಗರ್‌ನ ಉತ್ತರ ಢಿಕ್ಕಿ. 1995ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್‌ನ ಜೋನಾ ಲೋಮು ರಕ್ಷಕರ ಮೇಲೇ ಹಾದುಹೋದ ಮೇಲೆ ಎಲ್ಲ ದೇಶಗಳಿಗೂ ಅಂಥದ್ದೇ ಆಳು ಬೇಕೆನಿಸಿತು. ವಿಲಿಯಮ್ಸ್ ಆಯ್ಕೆಯ ಸಾಲಿಗೆ ಬಂದದ್ದು ಸರಿಯಾಗಿ ಆ ಕಾಲಕ್ಕೆ. ಕೆಟ್ಟ ಸಮಯ.

ಅಮನ್ ಕಣಿವೆಯಿಂದ

ಹುಟ್ಟಿದ್ದು 1977ರ ಫೆಬ್ರವರಿ 26ರಂದು, ಸ್ವಾನ್ಸೀ ನಗರದ ಮೊರಿಸ್ಟನ್‌ನಲ್ಲಿ. ಬೆಳೆದದ್ದು ಕಾರ್ಮಾರ್ಥೆನ್‌ಶೈರ್‌ನ ಗ್ಲಾನಾಮನ್ ಎಂಬ ಊರಿನಲ್ಲಿ. ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಕಣಿವೆ ಅದು. ಊರ ತಂಡ ಅಮನ್ ಯುನೈಟೆಡ್‌ಗೆ ಆಡಿ, 1998ರಲ್ಲಿ ನೀತ್ ಕ್ಲಬ್ ಸೇರಿದರು. ಆಗ ಅವರ ಜಾಗ 9ನೇ ನಂಬರ್, ಸ್ಕ್ರಮ್-ಹಾಫ್.

ಸ್ಕ್ರಮ್-ಹಾಫ್ ಎಂದರೆ ಫಾರ್ವರ್ಡ್‌ಗಳಿಗೂ ಬ್ಯಾಕ್‌ಗಳಿಗೂ ನಡುವಿನ ಕೊಂಡಿ. ಟ್ಯಾಕಲ್ ಆದಲ್ಲೆಲ್ಲ ಎರಡೂ ಕಡೆಯವರು ಚೆಂಡಿನ ಮೇಲೆ ನಿಂತು ತಳ್ಳಾಡುತ್ತಾರೆ; ಅದು ರಕ್. ಪ್ರತಿ ರಕ್‌ನ ಹಿಂದೆಯೂ ಸ್ಕ್ರಮ್-ಹಾಫ್ ಬಾಗಿ, ನೆಲದಿಂದ ಚೆಂಡೆತ್ತಿ, ಒಂದೇ ಬೀಸಿನಲ್ಲಿ ಹತ್ತು ಮೀಟರ್ ಆಚೆಯವನಿಗೆ ಎಸೆಯಬೇಕು. ಎಸೆಯುವ ಮುನ್ನ ಅರೆಕ್ಷಣದಲ್ಲಿ ಅವನು ಒಂದನ್ನು ನೋಡಿಕೊಳ್ಳುತ್ತಾನೆ: ರಕ್‌ನ ಅಕ್ಕಪಕ್ಕ ಕಾವಲಿಗೆ ನಿಂತವರು ಯಾರು? ದಪ್ಪ ಮುಂಚೂಣಿಯವನೋ, ಚುರುಕು ಓಟಗಾರನೋ? ಅವನ ತೂಕ ಹಿಮ್ಮಡಿಯ ಮೇಲಿದೆಯೋ, ಮುಂಗಾಲಿನ ಮೇಲಿದೆಯೋ? ಒಂದು ಪಂದ್ಯದಲ್ಲಿ ಹೀಗೆ ಎಷ್ಟೋ ಸಲ ನೋಡಿದರೆ ಕಣ್ಣಿಗೆ ಅದೇ ಅಭ್ಯಾಸವಾಗುತ್ತದೆ.

ವಿಂಗರ್ ಆಗಿಯೇ ಬೆಳೆದವನ ಕಣ್ಣು ಅಂಚಿನ ಖಾಲಿ ಜಾಗವನ್ನು ಹುಡುಕುತ್ತದೆ. ವಿಲಿಯಮ್ಸ್‌ರ ಕಣ್ಣು ಹುಡುಕುತ್ತಿದ್ದದ್ದು ನಿಧಾನದ ಕಾಲುಗಳನ್ನು. ಅವು ಇರುವುದು ಅಂಚಿನಲ್ಲಲ್ಲ, ರಕ್‌ನ ಬಳಿ. ಹಾಗಾಗಿ ಅವರು ತಮ್ಮ ಅಂಚಿನಲ್ಲಿ ಚೆಂಡಿಗಾಗಿ ಕಾಯುತ್ತ ನಿಲ್ಲುತ್ತಿರಲಿಲ್ಲ. ಆಟ ಬಲಗಡೆ ನಡೆಯುತ್ತಿದ್ದರೆ ಎಡ ಅಂಚು ಬಿಟ್ಟು ಒಳಗೆ ಬಂದು, 10ನೇ ನಂಬರಿನ ಫ್ಲೈ-ಹಾಫ್‌ನ ಹೆಗಲ ಹಿಂದೆ, ಇಲ್ಲವೇ ರಕ್‌ನ ಬುಡದಲ್ಲೇ ಕಾಣಿಸಿಕೊಳ್ಳುತ್ತಿದ್ದರು. 110 ಕಿಲೋದ ಫಾರ್ವರ್ಡ್‌ಗೆ ಎದುರಿಗೆ ಇದ್ದಕ್ಕಿದ್ದಂತೆ ಇವರು ಬಂದರೆ, ತೂಕದ ಅಂತರ ಇವರ ಪರವಾಗಿ ತಿರುಗುತ್ತಿತ್ತು. ಅಷ್ಟು ಭಾರವನ್ನು ಪಕ್ಕಕ್ಕೆ ಹೊರಳಿಸಲು ಹೊತ್ತು ಹಿಡಿಯುತ್ತದೆ.

ಸೈಡ್‌ಸ್ಟೆಪ್‌ನ ಒಳಗುಟ್ಟು

ಕಬಡ್ಡಿ ನೋಡಿದವರಿಗೆ ಇದು ಹೊಸದೇನಲ್ಲ. ಒಳ್ಳೆಯ ರೇಡರ್ ಎದುರಾಳಿಯ ಮುಖ ನೋಡುವುದಿಲ್ಲ, ಸೊಂಟ ಮತ್ತು ಪಾದ ನೋಡುತ್ತಾನೆ. ರಗ್ಬಿಯ ಸೈಡ್‌ಸ್ಟೆಪ್ ಸಹ ಅಲ್ಲಿಂದಲೇ ಶುರು. ವ್ಯತ್ಯಾಸವೆಂದರೆ ಇಲ್ಲಿ ಇಬ್ಬರೂ ಒಬ್ಬರೆಡೆಗೆ ಒಬ್ಬರು ಓಡುತ್ತಿರುತ್ತಾರೆ.

ಕೆಲಸ ನಾಲ್ಕು ಹಂತದಲ್ಲಿ ನಡೆಯುತ್ತದೆ. ಮೊದಲು ಓಡುವ ನೇರ. ಹೊರಗಡೆಯಿಂದ ದಾಟಬೇಕೆಂದಿದ್ದರೆ ರಕ್ಷಕನ ಒಳಭುಜದ ಕಡೆಗೇ ಓಡಬೇಕು. ಆಗ ಅವನು ಒಳಕ್ಕೆ ಸರಿದು ಸೊಂಟ ತಿರುಗಿಸುತ್ತಾನೆ. ಸೊಂಟ ತಿರುಗದ ರಕ್ಷಕನ ಮುಂದೆ ಎಷ್ಟು ಹಾರಿದರೂ ವ್ಯರ್ಥ. ಎರಡನೆಯದು ಹೆಜ್ಜೆ ಚಿಕ್ಕದಾಗಿಸುವುದು. ಉದ್ದ ಹೆಜ್ಜೆಯಲ್ಲಿ ಓಡುತ್ತಿರುವವನ ಪಾದ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ; ಗಾಳಿಯಲ್ಲಿದ್ದಾಗ ದಿಕ್ಕು ಬದಲಿಸಲಾಗದು. ಅದಕ್ಕೆ ಕೊನೆಯ ಎರಡು ಮೂರು ಹೆಜ್ಜೆ ಪುಟ್ಟದಾಗಿ, ಬೇಗ ಬೇಗ. ಮೂರನೆಯದು ಊರುವ ಹೆಜ್ಜೆ. ಪಾದವನ್ನು ದೇಹದ ನೇರದಿಂದ ಚೆನ್ನಾಗಿ ಹೊರಗೆ ಊರಿ, ಮಂಡಿ ಮಡಚಿ, ನೆಲವನ್ನು ಪಕ್ಕಕ್ಕೆ ಒದೆಯಬೇಕು. ಬಲಗಾಲು ಊರಿದರೆ ಎಡಕ್ಕೆ, ಎಡಗಾಲು ಊರಿದರೆ ಬಲಕ್ಕೆ. ನಾಲ್ಕನೆಯದು ತಕ್ಷಣದ ವೇಗ. ಪಕ್ಕಕ್ಕೆ ಸರಿದು ಅಲ್ಲೇ ನಿಧಾನಿಸಿದರೆ ಮೊದಲ ರಕ್ಷಕನಿಂದ ತಪ್ಪಿಸಿಕೊಂಡವನು ಎರಡನೆಯವನ ಕೈಗೆ ಸಿಗುತ್ತಾನೆ.

ತಪ್ಪುವುದು ಹೆಚ್ಚಾಗಿ ದೂರದ ಅಂದಾಜಿನಲ್ಲಿ. ಐದಾರು ಮೀಟರ್ ಇರುವಾಗಲೇ ಹೆಜ್ಜೆ ಬದಲಿಸಿದರೆ ರಕ್ಷಕ ಸಾವರಿಸಿಕೊಳ್ಳುತ್ತಾನೆ. ಕೈಗೆ ಎಟಕುವಷ್ಟು ಹತ್ತಿರ ಹೋದ ಮೇಲೆ ಬದಲಿಸಿದರೆ ಅಂಗಿ ಹಿಡಿಯುತ್ತಾನೆ. ಇನ್ನೊಂದು ತಪ್ಪು ಚೆಂಡನ್ನು ಮೊದಲೇ ಕಂಕುಳಿಗೆ ಸೇರಿಸುವುದು. ಎರಡು ಕೈಯಲ್ಲಿ ಹಿಡಿದವನು ಪಕ್ಕದವನಿಗೆ ಪಾಸ್ ಮಾಡಬಹುದೆಂಬ ಅನುಮಾನ ರಕ್ಷಕನಿಗೆ ಕೊನೆವರೆಗೂ ಉಳಿಯುತ್ತದೆ. ಆ ಅನುಮಾನವೇ ಅವನ ಹೆಜ್ಜೆಯನ್ನು ತಡೆಯುತ್ತದೆ.

ಬಹುತೇಕ ಆಟಗಾರರಿಗೆ ಒಂದು ಕಾಲಿನ ಸ್ಟೆಪ್ ಮಾತ್ರ ಚೆನ್ನಾಗಿ ಬರುತ್ತದೆ. ಎದುರಾಳಿ ತಂಡ ವೀಡಿಯೊ ನೋಡಿ ಅದನ್ನು ಪತ್ತೆ ಮಾಡಿ, ಆ ಕಡೆ ಮುಚ್ಚುತ್ತದೆ. ವಿಲಿಯಮ್ಸ್‌ಗೆ ಎರಡೂ ಕಾಲು ಒಂದೇ. ಮೇಲಾಗಿ ಅವರ ದೇಹದ ಭಾರ ನೆಲಕ್ಕೆ ಹತ್ತಿರ. ಎತ್ತರದವನು ದಿಕ್ಕು ಬದಲಿಸುವ ಮುನ್ನ ಸೊಂಟ ತಗ್ಗಿಸಬೇಕು. ಇವರದು ಮೊದಲೇ ತಗ್ಗಿತ್ತು. ರಕ್ಷಕನಿಗೆ ಇನ್ನೊಂದು ಪೀಕಲಾಟ: ಭುಜದ ಗೆರೆಗಿಂತ ಮೇಲೆ ಹಿಡಿದರೆ ಅದು ಹೈ ಟ್ಯಾಕಲ್, ಪೆನಾಲ್ಟಿ. ಆರೂವರೆ ಅಡಿಯವನು ಇವರ ಭುಜದ ಕೆಳಗೆ ಹಿಡಿಯಬೇಕಾದರೆ ಓಡುತ್ತಲೇ ಬಾಗಬೇಕು. ಬಾಗಿದವನ ಕಾಲು ನಿಲ್ಲುತ್ತದೆ. ಅಷ್ಟು ಸಾಕಿತ್ತು.

ಬಂದರು, ಹೋದರು, ಮತ್ತೆ ಬಂದರು

ಮೊದಲ ಕ್ಯಾಪ್, ಅಂದರೆ ದೇಶದ ಪರ ಮೊದಲ ಪಂದ್ಯ, 2000ರ ಫೆಬ್ರವರಿ 5ರಂದು ಕಾರ್ಡಿಫ್‌ನಲ್ಲಿ ಫ್ರಾನ್ಸ್ ವಿರುದ್ಧ, ಬದಲಿ ಆಟಗಾರನಾಗಿ. ವೇಲ್ಸ್ 3–36ರಿಂದ ಮಣ್ಣುಮುಕ್ಕಿದ ದಿನ ಅದು. ಎರಡು ವಾರದ ನಂತರ ಇಟಲಿ ವಿರುದ್ಧ ಮೊದಲ ಬಾರಿಗೆ ಆರಂಭದಿಂದ ಆಡಿ, ಮೊದಲ ಟ್ರೈ ಗಳಿಸಿದರು. ಆಗ ವೇಲ್ಸ್‌ನ ತರಬೇತುದಾರ ನ್ಯೂಜಿಲೆಂಡ್‌ನವರಾದ ಗ್ರಹಾಂ ಹೆನ್ರಿ.

ಆಮೇಲಿನ ವರ್ಷಗಳಲ್ಲಿ ಅವರು ತಂಡದಿಂದ ದೂರವಾದರು. ಗಾಯಗಳಿದ್ದವು. ಮೈಕಟ್ಟಿನ ಪ್ರಶ್ನೆಯೂ ಇತ್ತು. ಟ್ರೈ ಗಳಿಸುವ ವಿಂಗರ್ ರಕ್ಷಣೆಯಲ್ಲಿ ಎಷ್ಟು ಬಿಟ್ಟುಕೊಡುತ್ತಾನೆ ಎಂಬ ಲೆಕ್ಕವನ್ನು ಆಯ್ಕೆದಾರರು ಹಾಕುತ್ತಾರೆ. ಆ ಕಾಲದಲ್ಲಿ ಆ ಲೆಕ್ಕ ಅವರ ವಿರುದ್ಧ ಬರುತ್ತಿತ್ತು.

2003ರ ವಿಶ್ವಕಪ್‌ಗೆ ಆಗಿನ ತರಬೇತುದಾರ ಸ್ಟೀವ್ ಹ್ಯಾನ್ಸನ್ ವಿಲಿಯಮ್ಸ್‌ರನ್ನು ಕರೆದೊಯ್ದದ್ದು ಮೂರನೇ ಸ್ಕ್ರಮ್-ಹಾಫ್ ಆಗಿ! ಹಳೆಯ ಕಸುಬೇ ವಿಮಾನದ ಟಿಕೆಟ್ ಕೊಡಿಸಿತು. ನವೆಂಬರ್ 2ರಂದು ಸಿಡ್ನಿಯಲ್ಲಿ ನ್ಯೂಜಿಲೆಂಡ್ ವಿರುದ್ಧದ ಗುಂಪು ಪಂದ್ಯದಲ್ಲಿ ಅವರನ್ನು ವಿಂಗ್‌ನಲ್ಲಿ ಆಡಿಸಿದರು. ವೇಲ್ಸ್ ಮುಂದಿನ ಸುತ್ತು ಆಗಲೇ ತಲುಪಿತ್ತು, ಕಳೆದುಕೊಳ್ಳಲು ಏನೂ ಇರಲಿಲ್ಲ. 37–53ರಿಂದ ಸೋತರೂ ವೇಲ್ಸ್ ನಾಲ್ಕು ಟ್ರೈ ಗಳಿಸಿತು, ಅದರಲ್ಲಿ ಒಂದು ವಿಲಿಯಮ್ಸ್‌ರದು. ಒಂದು ವಾರದ ನಂತರ ಬ್ರಿಸ್ಬೇನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕ್ವಾರ್ಟರ್ ಫೈನಲ್. ತಮ್ಮ ಭಾಗದಲ್ಲಿ ಸಿಕ್ಕ ಚೆಂಡನ್ನು ಒದ್ದು ಕಳಿಸುವ ಬದಲು ವಿಲಿಯಮ್ಸ್ ಹಿಡಿದುಕೊಂಡು ಓಡಿದರು. ಅಲ್ಲಿಂದ ಬೆಳೆದ ದಾಳಿ ಸ್ಟೀಫನ್ ಜೋನ್ಸ್‌ರ ಟ್ರೈನಲ್ಲಿ ಮುಗಿಯಿತು. ಇಂಗ್ಲೆಂಡ್ 28–17ರಿಂದ ಗೆದ್ದು ಮುಂದೆ ವಿಶ್ವಕಪ್ಪನ್ನೇ ಎತ್ತಿತು. ಆದರೆ ಆ ಪಂದ್ಯದಲ್ಲಿ ಟ್ರೈ ಲೆಕ್ಕ ವೇಲ್ಸ್‌ಗೆ 3, ಇಂಗ್ಲೆಂಡ್‌ಗೆ 1. ಅಂದಿನಿಂದ ವಿಲಿಯಮ್ಸ್‌ರನ್ನು ಸಣ್ಣವನೆಂದು ಕೈಬಿಡುವ ಮಾತು ನಿಂತಿತು.

ಅದೇ ವರ್ಷ ವೇಲ್ಸ್ ತನ್ನ ಕ್ಲಬ್ ವ್ಯವಸ್ಥೆಯನ್ನು ಬದಲಿಸಿತ್ತು. ವೃತ್ತಿಪರ ಆಟಕ್ಕೆ ಹಳೆಯ ಕ್ಲಬ್‌ಗಳ ಬದಲು ಪ್ರಾದೇಶಿಕ ತಂಡಗಳು ಬಂದವು. ನೀತ್ ಮತ್ತು ಸ್ವಾನ್ಸೀ ಸೇರಿ ಆಸ್ಪ್ರೇಸ್ ಆಯಿತು. ಎರಡೂ ಊರುಗಳ ಅಭಿಮಾನಿಗಳಿಗೆ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ, ಆದರೂ ತಂಡ ನಿಂತಿತು. ವಿಲಿಯಮ್ಸ್ 2012ರವರೆಗೆ ಅಲ್ಲೇ ಆಡಿದರು. ಆ ಅವಧಿಯಲ್ಲಿ ತಂಡ ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಆಡುವ ಲೀಗನ್ನು ನಾಲ್ಕು ಸಲ ಗೆದ್ದಿತು: 2005, 2007, 2010, 2012.

ಎರಡು ಗ್ರಾಂಡ್ ಸ್ಲಾಮ್

ಸಿಕ್ಸ್ ನೇಷನ್ಸ್ ಎಂಬುದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್, ಇಟಲಿ ಪ್ರತಿ ವರ್ಷ ಆಡುವ ಟೂರ್ನಿ. ಒಬ್ಬೊಬ್ಬರಿಗೆ ಐದು ಪಂದ್ಯ. ಐದನ್ನೂ ಗೆದ್ದರೆ ಗ್ರಾಂಡ್ ಸ್ಲಾಮ್. ವೇಲ್ಸ್‌ಗೆ 1978ರ ನಂತರ ಅದು ಸಿಕ್ಕಿರಲಿಲ್ಲ. 2005ರ ಫೆಬ್ರವರಿ 5ರಂದು ಮೊದಲ ಪಂದ್ಯದಲ್ಲೇ ಇಂಗ್ಲೆಂಡ್ ಕಾರ್ಡಿಫ್‌ಗೆ ಬಂದಿತು. ಪಂದ್ಯದ ಏಕೈಕ ಟ್ರೈ ವಿಲಿಯಮ್ಸ್‌ರದು, ಎಡ ಮೂಲೆಯಲ್ಲಿ. ಕೊನೆಗೆ ಗ್ಯಾವಿನ್ ಹೆನ್ಸನ್ ದೂರದಿಂದ ಒದ್ದ ಪೆನಾಲ್ಟಿಯಿಂದ 11–9. ಜನರ ನೆನಪಿನಲ್ಲಿ ಉಳಿದದ್ದು ಹೆನ್ಸನ್‌ರ ಒದೆತ. ಮೂಲೆಯ ಆ 5 ಅಂಕ ಇಲ್ಲದಿದ್ದರೆ ಆ ಒದೆತಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಮೂಲೆಯ ಟ್ರೈ ಆಗ ಈಗಿನದಕ್ಕಿಂತ ಕಠಿಣ. ಆ ದಿನಗಳಲ್ಲಿ ಚೆಂಡು ಹಿಡಿದವನು ಮೂಲೆಯ ಧ್ವಜಕಂಬಕ್ಕೆ ತಾಗಿದರೂ ಹೊರಹೋದಂತೆಯೇ. ನಂತರ ನಿಯಮ ಸಡಿಲವಾಗಿ ಕಂಬಕ್ಕೆ ತಾಗಿದರೆ ತಪ್ಪಿಲ್ಲವೆಂದಾಯಿತು. ಈಗ ವಿಂಗರ್‌ಗಳು ದೇಹವಿಡೀ ಗೆರೆಯಾಚೆ ಗಾಳಿಯಲ್ಲಿ ತೇಲಿಸಿ, ಒಂದೇ ಕೈಯಲ್ಲಿ ಕಂಬದ ಪಕ್ಕ ಚೆಂಡು ಒತ್ತುವುದನ್ನು ನೋಡುತ್ತೇವಲ್ಲ, ಅದಕ್ಕೆ ದಾರಿ ಮಾಡಿದ್ದು ಈ ಬದಲಾವಣೆ.

2008 ಅವರ ವರ್ಷ. 2007ರ ವಿಶ್ವಕಪ್‌ನಲ್ಲಿ ವೇಲ್ಸ್ ನಾಂತ್‌ನಲ್ಲಿ ಫಿಜಿಗೆ 34–38ರಿಂದ ಸೋತು ಗುಂಪು ಹಂತದಲ್ಲೇ ಹೊರಬಿದ್ದಿತ್ತು. ಹೊಸ ತರಬೇತುದಾರ ವಾರೆನ್ ಗ್ಯಾಟ್ಲ್ಯಾಂಡ್, ರಕ್ಷಣೆಗೆ ಶಾನ್ ಎಡ್ವರ್ಡ್ಸ್. ಎಡ್ವರ್ಡ್ಸ್ ತಂದ ‘ಬ್ಲಿಟ್ಜ್’ ರಕ್ಷಣೆಯಲ್ಲಿ ಇಡೀ ಸಾಲು ಕಾಯದೆ ಒಟ್ಟಾಗಿ ಮುನ್ನುಗ್ಗಿ ಎದುರಾಳಿಯ ಸಮಯ ಕದಿಯುತ್ತದೆ. ಇದರಲ್ಲಿ ವಿಂಗರ್‌ನ ಪಾಡು ಬೇರೆ. ಅವನು ಸಾಲಿಗಿಂತ ತಡವಾಗಿ ಬಂದರೆ ಅಂಚಿನಲ್ಲಿ ಬಾಗಿಲು ತೆರೆಯುತ್ತದೆ. ಬೇಗ ಬಂದರೆ ಬೆನ್ನ ಹಿಂದೆ ಚೆಂಡು ಒದೆಯುತ್ತಾರೆ. ಎದುರಾಳಿಯ ಫ್ಲೈ-ಹಾಫ್ ತಲೆಯೆತ್ತಿದ್ದಾನೋ ತಗ್ಗಿಸಿದ್ದಾನೋ ನೋಡಿ ನಿರ್ಧರಿಸಬೇಕು. ಮತ್ತೆ ಅದೇ ಸ್ಕ್ರಮ್-ಹಾಫ್‌ನ ಕಣ್ಣು. ಆ ಟೂರ್ನಿಯ ಐದು ಪಂದ್ಯಗಳಲ್ಲಿ ವೇಲ್ಸ್ ಬಿಟ್ಟುಕೊಟ್ಟದ್ದು ಎರಡೇ ಟ್ರೈ.

ವಿಲಿಯಮ್ಸ್‌ರದು ಆರು. ಸ್ಕಾಟ್ಲೆಂಡ್ ವಿರುದ್ಧ ಎರಡು, ಇಟಲಿ ವಿರುದ್ಧ ಎರಡು, ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಐರ್ಲೆಂಡ್ ವಿರುದ್ಧ ಒಂದು. ವೇಲ್ಸ್ 16–12ರಿಂದ ಗೆದ್ದ ಆ ಪಂದ್ಯದ ಟ್ರೈನಿಂದ ಅವರು ಗ್ಯಾರೆತ್ ಥಾಮಸ್‌ರ 40 ಟ್ರೈಗಳ ದಾಖಲೆ ಸರಿಗಟ್ಟಿದರು. ಮುಂದಿನ ವಾರ ಕಾರ್ಡಿಫ್‌ನಲ್ಲಿ ಫ್ರಾನ್ಸ್ ಕೈಜಾರಿಸಿದ ಚೆಂಡನ್ನು ಕಾಲಿನಿಂದ ಮುಂದಕ್ಕೆ ಒದ್ದು, ಅದರ ಹಿಂದೆಯೇ ಓಡಿ ಒತ್ತಿದ್ದು 41ನೆಯದು. 29–12ರ ಗೆಲುವು, ಮತ್ತೊಂದು ಗ್ರಾಂಡ್ ಸ್ಲಾಮ್. ದಾಖಲೆ ಮುರಿದ ಟ್ರೈನಲ್ಲಿ ಸೈಡ್‌ಸ್ಟೆಪ್ ಇರಲಿಲ್ಲ ಎಂಬುದನ್ನು ಗಮನಿಸಿ. ನೆಲದ ಮೇಲೆ ಬಿದ್ದ ಚೆಂಡಿಗೆ ಎಲ್ಲರಿಗಿಂತ ಮೊದಲು ತಲುಪುವುದು 9ನೇ ನಂಬರಿನವನ ನಿತ್ಯದ ಕೆಲಸ.

ಆ ಬೇಸಿಗೆಯಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸದ ಎರಡೂ ಟೆಸ್ಟ್‌ಗಳನ್ನು ವೇಲ್ಸ್ ಸೋತಿತು. ಎರಡರಲ್ಲೂ ವಿಲಿಯಮ್ಸ್ ಟ್ರೈ ಗಳಿಸಿದರು. ಆಗಿನ ವಿಶ್ವ ಚಾಂಪಿಯನ್ನರನ್ನು ಅವರ ನೆಲದಲ್ಲೇ, ಪಕ್ಕದ ಗೆರೆಗೂ ರಕ್ಷಕನಿಗೂ ನಡುವಿನ ಗೇಣು ಜಾಗದಲ್ಲಿ ದಾಟಿದ ಪ್ರಿಟೋರಿಯಾದ ಟ್ರೈ ಇಂದಿಗೂ ಹುಡುಕಿ ನೋಡುವಂಥದ್ದು. ವರ್ಷಾಂತ್ಯಕ್ಕೆ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಅವರನ್ನು ವರ್ಷದ ಆಟಗಾರ ಎಂದು ಆರಿಸಿತು. ವೇಲ್ಸ್‌ನವರೊಬ್ಬರಿಗೆ ಆ ಗೌರವ ಅದೇ ಮೊದಲು.

ಎತ್ತರದ ಚೆಂಡು

ದೌರ್ಬಲ್ಯ ಇರಲಿಲ್ಲವೆಂದಲ್ಲ. ಎದುರಾಳಿಗಳು ಮಾಡುತ್ತಿದ್ದ ಉಪಾಯ ಅಡ್ಡ ಒದೆತ: ಮೈದಾನದ ಇನ್ನೊಂದು ಕಡೆಯಿಂದ ಎತ್ತರಕ್ಕೆ ಒದ್ದ ಚೆಂಡು ವಿಲಿಯಮ್ಸ್ ತಲೆಯ ಮೇಲೆ ಇಳಿಯಬೇಕು, ಅದೇ ಹೊತ್ತಿಗೆ ಒಬ್ಬ ಎತ್ತರದ ವಿಂಗರ್ ಅಲ್ಲಿಗೆ ಹಾರಬೇಕು. ನಿಂತಲ್ಲೇ ಕಾದರೆ ಐದಡಿ ಏಳಿಂಚಿನವನು ಸೋಲುತ್ತಾನೆ. ಪರಿಹಾರ ಎರಡು. ಒಂದು, ಸ್ವಲ್ಪ ಹಿಂದೆ ನಿಂತು ಓಡಿ ಬಂದು ಒಂದು ಮಂಡಿ ಎತ್ತಿ ಹಾರುವುದು. ಓಟದಿಂದ ಎತ್ತರ ಸಿಗುತ್ತದೆ, ಮಂಡಿಯಿಂದ ದೇಹಕ್ಕೆ ಕಾವಲು. ಎರಡು, ಹಾರಾಟವನ್ನು ಬಿಟ್ಟುಕೊಟ್ಟು, ಎದುರಾಳಿಯ ಪಾದ ನೆಲಕ್ಕೆ ತಾಗಿದ ಕ್ಷಣ ಹಿಡಿಯುವುದು. ಗಾಳಿಯಲ್ಲಿರುವಾಗ ಮುಟ್ಟಿದರೆ ಪೆನಾಲ್ಟಿ, ಕಾರ್ಡೂ ಬರಬಹುದು. ಎಲ್ಲರ ಹಿಂದೆ ಕಾಯುವ 15ನೇ ನಂಬರಿನ ಫುಲ್‌ಬ್ಯಾಕ್‌ನ ಜೊತೆ ಹೊಂದಾಣಿಕೆ ಚೆನ್ನಾಗಿದ್ದರೆ ಅರ್ಧ ತೊಂದರೆ ಅಲ್ಲೇ ಕಡಿಮೆ. ಆಸ್ಪ್ರೇಸ್‌ನಲ್ಲೂ ವೇಲ್ಸ್‌ನಲ್ಲೂ ಲೀ ಬರ್ನ್ ಜೊತೆಗಿದ್ದದ್ದು ಇದಕ್ಕೆ ಒದಗಿತು.

ಕೊನೆಯ ಕ್ಷಣದ ಲೆಕ್ಕ

2010ರ ಫೆಬ್ರವರಿ 13, ಕಾರ್ಡಿಫ್. ಕೆಲವೇ ನಿಮಿಷ ಉಳಿದಿರುವಾಗ ಸ್ಕಾಟ್ಲೆಂಡ್ 24–14ರಿಂದ ಮುಂದಿತ್ತು. ಲೀ ಹಾಫ್‌ಪೆನಿ ಟ್ರೈ, ಸ್ಟೀಫನ್ ಜೋನ್ಸ್ ಕನ್ವರ್ಷನ್, ಮತ್ತೆ ಪೆನಾಲ್ಟಿ: 24–24. ಆ ಹೊತ್ತಿಗೆ ಸ್ಕಾಟ್ಲೆಂಡ್‌ನ ಇಬ್ಬರು ಹಳದಿ ಕಾರ್ಡ್ ಪಡೆದು ಹೊರಗೆ ಕುಳಿತಿದ್ದರು. ರಗ್ಬಿಯಲ್ಲಿ ಅಂಕ ಬಿಟ್ಟುಕೊಟ್ಟವರೇ ಮರುಆರಂಭದ ಒದೆತ ಒದೆಯಬೇಕು, ಅಂದರೆ ಚೆಂಡು ಸಾಮಾನ್ಯವಾಗಿ ಅಂಕ ಗಳಿಸಿದವರ ಕೈಗೇ ಬರುತ್ತದೆ. ಗಡಿಯಾರ 80 ದಾಟಿದರೂ ಚೆಂಡು ಹೊರಹೋಗುವ ತನಕ, ಇಲ್ಲವೇ ತಪ್ಪಾಗುವ ತನಕ ಆಟ ನಿಲ್ಲದು. 13 ಮಂದಿ 70 ಮೀಟರ್ ಅಗಲ ಕಾಯಬೇಕು. ವೇಲ್ಸ್ ಚೆಂಡನ್ನು ಬಿಡದೆ ಆಡಿತು. ಕೊನೆಗೆ ಕಂಬಗಳ ಕೆಳಗೆ ಒತ್ತಿದವರು ವಿಲಿಯಮ್ಸ್. ಎಡ ವಿಂಗರ್‌ಗೆ ಮೈದಾನದ ನಟ್ಟನಡುವೆ ಏನು ಕೆಲಸ ಎಂದು ಕೇಳುವವರಿಗೆ ಈ ಟ್ರೈ ತೋರಿಸಬಹುದು. 31–24.

ಲಯನ್ಸ್ ಪರ 2005ರಲ್ಲಿ ನ್ಯೂಜಿಲೆಂಡ್‌ಗೆ ಹೋಗಿದ್ದಾಗ ಅಲ್ಲಿನ ಪ್ರಾಂತೀಯ ತಂಡ ಮನವಾಟು ವಿರುದ್ಧ ಐದು ಟ್ರೈ ಗಳಿಸಿದ್ದರೂ, ಹೆಚ್ಚು ತೂಕದ್ದು 2009ರ ಜುಲೈ 4ರಂದು ಜೋಹಾನ್ಸ್‌ಬರ್ಗ್‌ನ ಮೂರನೇ ಟೆಸ್ಟ್. ಸರಣಿ ಕೈತಪ್ಪಿಯಾಗಿತ್ತು. ವಿಲಿಯಮ್ಸ್‌ರ ಎರಡು ಟ್ರೈಗಳೊಂದಿಗೆ ಲಯನ್ಸ್ 28–9ರಿಂದ ಗೆದ್ದರು.

2011ರ ವಿಶ್ವಕಪ್‌ನಲ್ಲಿ ವೇಲ್ಸ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ಗೆ 8–9ರಿಂದ ಸೋತು ನಾಲ್ಕನೆಯದಾಯಿತು. ಆ ವರ್ಷದ ಡಿಸೆಂಬರ್ 3ರಂದು ಕಾರ್ಡಿಫ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರ ಕೊನೆಯ ಟೆಸ್ಟ್. ವೇಲ್ಸ್ 18–24ರಿಂದ ಸೋತಿತು, ಆದರೆ ಪಂದ್ಯದ ಕಟ್ಟಕಡೆಯ ಆಟದಲ್ಲಿ ಟ್ರೈ ಬಂತು. 58ನೆಯದು. ಆ ಹೊತ್ತಿಗೆ ಟೆಸ್ಟ್ ಟ್ರೈಗಳಲ್ಲಿ ಅವರಿಗಿಂತ ಮುಂದಿದ್ದವರು ಜಪಾನಿನ ಡೈಸುಕೆ ಓಹಾಟ (69) ಮತ್ತು ಆಸ್ಟ್ರೇಲಿಯಾದ ಡೇವಿಡ್ ಕ್ಯಾಂಪೀಸೆ (64) ಇಬ್ಬರೇ. ನಂತರ ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನಾ 67ಕ್ಕೆ ಹೋದರು. ವೇಲ್ಸ್‌ನಲ್ಲಿ ಅವರ ಬೆನ್ನು ಹತ್ತಿದವರು 6 ಅಡಿ 4 ಇಂಚಿನ ಜಾರ್ಜ್ ನಾರ್ತ್. 121 ಪಂದ್ಯ ಆಡಿ 47ಕ್ಕೆ ನಿಂತರು.

2012ರ ಮೇ 27ರಂದು ಡಬ್ಲಿನ್‌ನಲ್ಲಿ ಆಸ್ಪ್ರೇಸ್‌ಗೆ ಲೀಗ್ ಫೈನಲ್. ಎದುರಾಳಿ ಐರ್ಲೆಂಡ್‌ನ ಲೆನ್‌ಸ್ಟರ್, ಹಿಂದಿನ ವಾರವಷ್ಟೇ ಯೂರೋಪಿನ ಚಾಂಪಿಯನ್ ಆದ ತಂಡ. ವಿಲಿಯಮ್ಸ್ ಎರಡು ಟ್ರೈ ಗಳಿಸಿದರು. ಎರಡನೆಯದು ಮುಕ್ತಾಯಕ್ಕೆ ಸ್ವಲ್ಪವೇ ಮುಂಚೆ; ಅದರಿಂದ 29–30. ಮುಂದಿನದು ಡಾನ್ ಬಿಗ್ಗರ್ ಅಂಚಿನಿಂದ ಒದೆಯಬೇಕಾದ ಕನ್ವರ್ಷನ್. ಚೆಂಡು ಕಂಬಗಳ ನಡುವೆ ಹೋಯಿತು, 31–30. ಬಳಿಕ ಅವರು ಜಪಾನಿನ ಮಿತ್ಸುಬಿಶಿ ಡೈನಾಬೋರ್ಸ್ ತಂಡ ಸೇರಿದರು. 2013ರಲ್ಲಿ ಲಯನ್ಸ್ ಆಸ್ಟ್ರೇಲಿಯಾ ಪ್ರವಾಸದಲ್ಲಿ ಗಾಯಗಳಿಂದ ಆಳು ಸಾಲದಾದಾಗ, ಕ್ಯಾನ್ಬೆರಾದಲ್ಲಿ ಬ್ರಂಬೀಸ್ ವಿರುದ್ಧದ ಒಂದೇ ಒಂದು ಪಂದ್ಯಕ್ಕೆ ಕರೆ ಬಂತು. ಆಗ ಅವರಿಗೆ 36 ವರ್ಷ. ಆಡಿಸಿದ್ದು ಅದೇ ಎಡ ಅಂಚಿನಲ್ಲಿ, 11ನೇ ನಂಬರಿನ ಅಂಗಿಯಲ್ಲಿ.